ಗೌಡ್ತಿಗೆ ಇಟ್ಟ ಹಾಲು

ಸೋಲಾಪುರ,
೯ ಜನವರಿ ೧೯೨೭

ಚಿ. ಸೌ. ಇಂದುಬಾಯಿಗೆ, ನಿನ್ನ ಗಂಡನ ಅಕ್ಕ ಗುರುಲಿಂಗಮ್ಮನ ಆಶೀರ್ವಾದ.

ಬಂದು ಮುಟ್ಟಿದ್ದೇನೆ. ಅಕ್ಕಲಕೋಟೆಯಿಂದ ಇಲ್ಲಿಗೆ ಒಂದು ದಿನದ ದಾರಿಯೂ ಅಲ್ಲ, ಆದರೆ ಅವ್ವ ಆಡಿದ ಮಾತಿನಿಂದ ಅದು ಬೇರೆ ದೇಶದಷ್ಟು ದೂರವಾಗಿದೆ. ನೀನೂ ಬಾಗಿಲ ಹಿಂದೆ ನಿಂತು ಕೇಳಿದೆಯಲ್ಲ, "ಹೋಗಾಕಿ ಹೋಗು. ತಿರುಗಿ ಈ ಮನಿಗೆ ಬರಬ್ಯಾಡ" ಎಂದಳು. ಗಂಡನನ್ನು ಕಳೆದುಕೊಂಡ ಮಗಳು ಪಟ್ಟಣಕ್ಕೆ ಹೋಗಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವುದೆಂದರೆ ಅವಳ ದೃಷ್ಟಿಯಲ್ಲಿ ಮನೆತನದ ಮೂಗು ಕೊಯ್ದ ಹಾಗೆ. ಆಗಲಿ. ಹದಿನಾಲ್ಕು ವರ್ಷ ಆ ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಕಂಬಕ್ಕೂ ನನ್ನ ಬೇಸರ ಬಂದಿರಬೇಕು.

ನಾನಿರುವುದು ಸುಗಲಾಬಾಯಿ ಎಂಬ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ. ಸುತ್ತಲೂ ನೇಕಾರರು, ಹಗಲೆಲ್ಲ ಮಗ್ಗದ ಸದ್ದು. ಆಶ್ವೀಜದ ಹೊತ್ತಿಗೆ ಶಾಲೆಯವರು ನನಗೊಂದು ಬೇರೆ ಮನೆ ಕೊಡುತ್ತಾರಂತೆ. ಕೊಟ್ಟರೆ ದೀಪಾವಳಿಗೆ ಗೌಡ್ತಿಯನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ. ನೋಡು ಇಂದು, ಆ ಮನೆಯಲ್ಲಿ ನನ್ನದೆಂದು ಇದ್ದದ್ದು ಅದೊಂದು ಬೆಕ್ಕು. ನಾನು ವಿಧವೆಯಾಗಿ ಗಾಡಿಯಿಂದಿಳಿದ ವಾರವೇ ಅದೂ ಎಲ್ಲಿಂದಲೋ ಬಂದು ನನ್ನ ಸೆರಗಿನ ಮೇಲೆ ಮಲಗಿತು. ಬೇರೇನನ್ನೂ ನಾನು ಕೇಳುವವಳಲ್ಲ. ದೀಪಾವಳಿಯವರೆಗೆ ಅವಳನ್ನು ಕಾಯ್ದುಕೊಡು.

ಅವಳ ದಿನಚರಿ ನಿನಗೆ ಗೊತ್ತಿದ್ದರೂ ಬರೆಯುತ್ತೇನೆ, ಬರೆದರೆ ನನಗೆ ಸಮಾಧಾನ. ನೀನು ಬೀಸುವಾಗ ಕಲ್ಲಿನ ಎಡಕ್ಕೇ ಕೂಡುತ್ತಾಳೆ. ಬೆನ್ನ ಮೇಲೆ ಹಿಟ್ಟು ಬಿದ್ದು ಬಿಳಿಯಾಗುವವರೆಗೆ ಕದಲುವುದಿಲ್ಲ. ಹಾಲು ಆರಿರಬೇಕು, ಕಂಚಿನ ಬಟ್ಟಲಲ್ಲೇ ಇರಬೇಕು. ಕುಡಿದು ಮುಗಿಸುವ ಜಾತಿಯಲ್ಲ, ತಳದಲ್ಲಿ ಎರಡು ಗುಟುಕು ಬಿಟ್ಟು ಏಳುತ್ತಾಳೆ. ಮಧ್ಯಾಹ್ನ ಜೋಳ ಅಳೆಯುವ ಕೊಳಗದೊಳಗೆ ನಿದ್ದೆ, ಅರ್ಧ ಹೊಟ್ಟೆ ಹೊರಗೆ. ಸಂಜೆ ಮಾಳಿಗೆ ಹತ್ತಿ ದಾರಿ ನೋಡುವುದು, ದೀಪ ಹಚ್ಚಿದ ಮೇಲೆ ಇಳಿದು ಒಂದೊಂದೇ ಕೋಣೆಗೆ ಹೋಗಿ ಎಲ್ಲರೂ ಇದ್ದಾರೋ ಇಲ್ಲವೋ ಎಂದು ನೋಡಿ ಬರುವುದು. ಆ ಠೀವಿಗೇ ಅಲ್ಲವೆ ಗೌಡ್ತಿ ಎಂದು ಹೆಸರಿಟ್ಟದ್ದು. ಬಲಗಣ್ಣಿನಲ್ಲಿ ಪೊರೆ ಬರುತ್ತಿದೆ, ಬೆಚ್ಚನೆಯ ನೀರಲ್ಲಿ ಅರಿವೆ ಅದ್ದಿ ಒರೆಸು. ಕರೆದರೆ ಬರುವುದಿಲ್ಲವೆಂದು ಸಿಟ್ಟಾಗಬೇಡ, ದೊಡ್ಡವರ ಮನೆಯವಳು.

ಪತ್ರ ಅಂಚೆಗೆ ಹಾಕಿದರೆ ಅವ್ವನ ಕೈಗೆ ಬೀಳುತ್ತದೆ. ಅದಕ್ಕೇ ಗಾಡಿಯ ಬಂಡೆಪ್ಪನಿಗೆ ಕೊಟ್ಟಿದ್ದೇನೆ. ಒಲೆಯ ಬೂದಿಯ ಮೇಲೆ ಬೆರಳಿಟ್ಟು ಕಲಿತ ಅಕ್ಷರ ಈಗ ಕೆಲಸಕ್ಕೆ ಬರಲಿ. ನೀನೇ ಓದು, ನೀನೇ ಬರೆ.

ನಿನ್ನ ಅಕ್ಕ,
ಗುರುಲಿಂಗಮ್ಮ


ಅಕ್ಕಲಕೋಟೆ,
೩೦ ಜನವರಿ ೧೯೨೭

ಅಕ್ಕನವರ ಪಾದಗಳಿಗೆ ಇಂದುಬಾಯಿಯ ಶರಣಾರ್ಥಿ.

ಎಷ್ಟು ಸಲ ತಪ್ಪಿ ಎಷ್ಟು ಕಾಗದ ಹರಿದೆನೋ ಕೇಳಬೇಡಿ. ಬೂದಿಯ ಮೇಲೆ ತಪ್ಪಿದರೆ ಅಳಿಸಬಹುದಿತ್ತು.

ಗೌಡ್ತಿ ಮೊದಲ ಎಂಟು ದಿನ ನಿಮ್ಮನ್ನು ಹುಡುಕಿದಳು. ಸಂಜೆಯ ತಿರುಗಾಟದಲ್ಲಿ ನಿಮ್ಮ ಕೋಣೆಗೆ ಎರಡು ಸಲ ಹೋಗುತ್ತಿದ್ದಳು. ಕೌದಿಯನ್ನು ಮುಂಗಾಲಿಂದ ಒತ್ತಿ ನೋಡಿ, ನಿಜವಾಗಿಯೂ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಬರುತ್ತಿದ್ದಳು. ಈಗ ಒಂದೇ ಸಲ ಹೋಗುತ್ತಾಳೆ. ನನ್ನ ಮಗಳು ಮುಕ್ತಾ ಬಾಲ ಹಿಡಿದು ಎಳೆದರೂ ಉಗುರು ತೆಗೆಯುವುದಿಲ್ಲ. ಇವಳೂ ಈ ಮನೆಯವಳೇ, ಸಹಿಸಿಕೊಳ್ಳಬೇಕು ಎಂಬ ಹಾಗೆ ನನ್ನ ಮುಖ ನೋಡುತ್ತಾಳೆ. ಮೊನ್ನೆ ಒಂದು ಹೆಗ್ಗಣ ಹಿಡಿದು ತಂದು ನಿಮ್ಮ ತಮ್ಮನವರ ಪೂಜೆಯ ಮಣೆಯ ಮುಂದಿಟ್ಟಳು. ಇವರು ಪುನಃ ಸ್ನಾನ ಮಾಡಬೇಕಾಯಿತು.

ಅತ್ತೆಯವರು ನಿಮ್ಮ ಹೆಸರೆತ್ತುವುದಿಲ್ಲ. ಆದರೆ ದಿನಾಲು ಬೆಳಿಗ್ಗೆ ಹಾಲಿನ ಬಟ್ಟಲನ್ನು ತಾವೇ ಇಡುತ್ತಾರೆ, ನನಗೆ ಮುಟ್ಟಗೊಡುವುದಿಲ್ಲ. ಇಟ್ಟು ಬೆಕ್ಕನ್ನು ಬೈಯುತ್ತಾರೆ. ಊರು ತಿರುಗುವವಳು, ಹೇಳಿದ ಮಾತು ಕೇಳದವಳು, ಯಾರ ಹಂಗೂ ಬೇಡದವಳು ಎಂದು. ಅಷ್ಟೆಲ್ಲ ತಪ್ಪು ಪಾಪ ಆ ಬೆಕ್ಕು ಯಾವಾಗ ಮಾಡಿತೋ. ದೀಪಾವಳಿಗೆ ನೀವು ಅದನ್ನು ಕರೆಸಿಕೊಳ್ಳುತ್ತೀರೆಂದು, ಬಂಡೆಪ್ಪ ಹೇಳಿದನೆಂಬ ನೆವದಲ್ಲಿ ಅವರಿಗೆ ತಿಳಿಸಿದೆ. "ಗಾಡ್ಯಾಗ ಕಳಸೂದಿಲ್ಲ. ತಾನ ಬಂದು ಒಯ್ಲಿ" ಎಂದರು.

ಬಲಗಣ್ಣು ಒರೆಸುತ್ತಿದ್ದೇನೆ. ಒರೆಸಿದ ಮೇಲೆ ನನ್ನ ಕೈಗೆ ತಲೆ ಒತ್ತುತ್ತಾಳೆ. ಇದು ನಿಮಗೆ ಮಾತ್ರ ಮಾಡುತ್ತಿದ್ದದ್ದು, ಹೊಟ್ಟೆಕಿಚ್ಚು ಪಡಬೇಡಿ.

ನಿಮ್ಮ
ಇಂದು


ಸೋಲಾಪುರ,
೨೪ ಫೆಬ್ರವರಿ ೧೯೨೭

ಇಂದು,

ಹೊಟ್ಟೆಕಿಚ್ಚು ಪಟ್ಟೆ. ಮುಚ್ಚಿಡುವುದೇನು?

ಇಲ್ಲಿ ನಸುಕಿನಲ್ಲಿ ಗಿರಣಿಯ ಭೋಂಗಾ ಕೂಗಿ ಊರನ್ನೆಲ್ಲ ಎಬ್ಬಿಸುತ್ತದೆ. ಹದಿನಾಲ್ಕು ವರ್ಷ ಗಲ್ಲದ ಮೇಲೆ ಪಂಜವಿಟ್ಟು ಎಬ್ಬಿಸಿಕೊಂಡವಳಿಗೆ ಇದು ಒಗ್ಗುತ್ತಿಲ್ಲ. ನನ್ನ ತರಗತಿಯಲ್ಲಿ ಇಪ್ಪತ್ತಾರು ಹುಡುಗಿಯರಿದ್ದಾರೆ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಜಗಳ ಮಾತ್ರ ಎರಡರಲ್ಲೂ. ಅವರಿಗೆ ಗೌಡ್ತಿಯ ಕಥೆ ಹೇಳಿದ್ದೇನೆ. ಶಾಲೆಗೆ ಬಂದ ಕೂಡಲೆ ಪಾಠ ಕೇಳುವುದಿಲ್ಲ, "ಬಾಯಿ, ಗೌಡ್ತಿ ಯಾವಾಗ ಬರತಾಳ?" ಎನ್ನುತ್ತಾರೆ. ದೀಪಾವಳಿಗೆ ಎನ್ನುತ್ತೇನೆ. ಒಬ್ಬಳು ಅವಳಿಗೆಂದು ಚಿಂದಿಯ ಚಾದರು ಹೊಲಿಯುತ್ತಿದ್ದಾಳೆ.

ಅವ್ವ ನನ್ನನ್ನು ಬರಹೇಳಿದಳೆಂದು ಬರೆದೆಯಲ್ಲ, ಅದರ ಅರ್ಥ ನಾನು ಬಲ್ಲೆ. ತಪ್ಪಾಯಿತೆಂದು ಕಾಲಿಗೆ ಬೀಳಲಿ, ಆಗ ಬೆಕ್ಕು ಕೊಟ್ಟೇನು ಎಂಬ ಅರ್ಥ. ನಾನು ಬೀಳುವವಳಲ್ಲ. ಬಂಡೆಪ್ಪನ ಗಾಡಿಯಲ್ಲಿ ನೀನೇ ಕಳಿಸು.

ಜೋಳದ ರಾಶಿ ಹೇಗೆ ಬಂತು? ಕಣ್ಣು ಹೇಗಿದೆ, ಬರೆ.

ಗುರುಲಿಂಗಮ್ಮ


ಅಕ್ಕಲಕೋಟೆ,
೩೧ ಮಾರ್ಚ್ ೧೯೨೭

ಅಕ್ಕನವರಿಗೆ ಶರಣಾರ್ಥಿ.

ತಡವಾಗಿ ಬರೆಯುತ್ತಿದ್ದೇನೆ. ರಾಶಿಯ ಗಡಿಬಿಡಿ. ಜೋಳ ಚೆನ್ನಾಗಿ ಬಂದಿದೆ. ಅಂಗಳದಲ್ಲಿ ನೆಲದೊಳಗೆ ತೋಡಿದ ದೊಡ್ಡ ಹಗೇವು ತುಂಬಿ ಉಳಿದದ್ದನ್ನು ದನದ ಕೊಟ್ಟಿಗೆಯ ಮುಂದಿನ ಸಣ್ಣ ಹಗೇವಿಗೆ ಹಾಕಿದರು. ಅದು ಅರ್ಧವೇ ತುಂಬಿತು. ಅತ್ತೆಯವರಿಗೆ ಮೊಣಕಾಲು ಹಿಡಿದಿದ್ದರಿಂದ ಈ ವರ್ಷ ಹಗೇವಿನ ಬಾಯಿಗೆ ನಾನೇ ಪೂಜೆ ಮಾಡಿದೆ. ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಸೆಗಣಿ ಸಾರಿಸಿದ್ದಾಯಿತು.

ಗೌಡ್ತಿ ಇದ್ದಾಳೆ. ಹಾಲು ಇಡುತ್ತಾರೆ, ಸಂಜೆಗೆ ಬಟ್ಟಲಲ್ಲಿ ಎರಡು ಗುಟುಕು ಉಳಿದಿರುತ್ತದೆ. ಒಲೆಯ ಬೂದಿಯಲ್ಲಿ ಮಲಗಿ ಎದ್ದಂತೆ ತಗ್ಗು ಬಿದ್ದಿರುತ್ತದೆ. ನಿಮ್ಮ ಕೌದಿಯ ಮೇಲೆ ಕೂದಲು ಇರುತ್ತದೆ.

ಮುಕ್ತಾಗೆ ಜ್ವರ ಬಂದು ಬಿಟ್ಟಿತು. ಹೆಚ್ಚು ಬರೆಯಲು ಆಗುತ್ತಿಲ್ಲ.

ಇಂದು


ಸೋಲಾಪುರ,
೧೫ ಮೇ ೧೯೨೭

ಇಂದು,

ಶಾಲೆಗೆ ರಜೆ. ಬಿಸಿಲಿಗೆ ಮಗ್ಗದವರೂ ಮಧ್ಯಾಹ್ನ ಸುಮ್ಮನಾಗುತ್ತಾರೆ. ಸುಗಲಾಬಾಯಿ ಬೆಕ್ಕೆಂದರೆ ಮಾರು ದೂರ ಹಾರುವವಳು. ನಾಲ್ಕು ತಿಂಗಳು ನನ್ನ ಬಾಯಲ್ಲಿ ಅದೊಂದೇ ಮಾತು ಕೇಳಿ ಕೇಳಿ, ತರಿಸು ನಿನ್ನ ಗೌಡ್ತಿಯನ್ನು, ನನ್ನ ಮೊಸರಿನ ಗಡಿಗೆ ನಾನು ನೆಲುವಿನ ಮೇಲೆ ಇಟ್ಟುಕೊಳ್ಳುತ್ತೇನೆ ಎಂದಿದ್ದಾಳೆ. ದೀಪಾವಳಿಯವರೆಗೆ ಕಾಯುವ ಕೆಲಸವಿಲ್ಲ. ಬಂಡೆಪ್ಪನ ಕೈಯಲ್ಲಿ ಮುಚ್ಚಳದ ಬುಟ್ಟಿ ಕಳಿಸುತ್ತೇನೆ. ತಳಕ್ಕೆ ನನ್ನ ಹಳೆಯ ಸೀರೆ ಹಾಸು.

ಕಣ್ಣಿನ ಬಗ್ಗೆ ಕೇಳಿದ್ದೆ, ನೀನು ಬರೆಯಲಿಲ್ಲ. ಬೂದಿಯಲ್ಲಿ ತಗ್ಗು, ಕೌದಿಯ ಮೇಲೆ ಕೂದಲು ಎಂದು ಬರೆದೆ. ಬೆಕ್ಕು ಏನು ಮಾಡುತ್ತದೆ ಎಂದು ಬರೆಯಲಿಲ್ಲ. ಮಗುವಿನ ಜ್ವರದಲ್ಲಿ ನಿನಗೆ ಪುರಸೊತ್ತಿರಲಿಲ್ಲ ಎಂದುಕೊಂಡೆ. ಈಗ ಬರೆ.

ಗುರುಲಿಂಗಮ್ಮ


ಅಕ್ಕಲಕೋಟೆ,
೧೨ ಜೂನ್ ೧೯೨೭

ಅಕ್ಕ,

ಬುಟ್ಟಿ ಬಂತು. ಈಗ ಕಳಿಸುವುದು ಬೇಡ. ಈ ಬಿಸಿಲಿನಲ್ಲಿ ಬುಟ್ಟಿಯೊಳಗೆ ಮುದಿ ಜೀವ ಹೇಗೆ ತಾಳೀತು? ಮಳೆಯಾಗಲಿ. ಅತ್ತೆಯವರೂ ಬೇಡವೆನ್ನುತ್ತಾರೆ. ದೀಪಾವಳಿಗೆ ನೀವೇ ಬನ್ನಿ.

ಈಗೀಗ ಅವಳು ಯಾರ ಮುಂದೆಯೂ ಬರುವುದಿಲ್ಲ. ಆದರೆ ಇದ್ದಾಳೆ. ನಿನ್ನೆ ನಾನು ಬೀಸುತ್ತಿದ್ದೆ. ಕಲ್ಲಿನ ಸುತ್ತ ಹಿಟ್ಟು ಬೀಳುತ್ತಿತ್ತು. ಬೀಸಿ ಎದ್ದು ನೋಡಿದರೆ ಎಡಗಡೆ ಒಂದು ಅಂಗೈ ಅಗಲದ ಜಾಗದಲ್ಲಿ ನೆಲ ಹಾಗೇ ಇತ್ತು, ಹಿಟ್ಟು ಬಿದ್ದಿರಲಿಲ್ಲ. ಮುಕ್ತಾ ಒಬ್ಬಳೇ ಪಡಸಾಲೆಯಲ್ಲಿ ಕೂತು ಏನನ್ನೋ ಸವರುವ ಹಾಗೆ ಕೈ ಆಡಿಸುತ್ತಾಳೆ. ಏನು ಮಾಡುತ್ತಿದ್ದೀ ಎಂದರೆ ಬಾಲ ಎನ್ನುತ್ತಾಳೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ ನನಗೆ ತಿಳಿಯದು. ನೀವು ಅವಳ ಸುದ್ದಿ ಕೇಳುತ್ತೀರಿ. ಇರುವ ಸುದ್ದಿ ಇದೇ.

ಇಂದು


ಸೋಲಾಪುರ,
೨೧ ಆಗಸ್ಟ್ ೧೯೨೭

ಇಂದು,

ಬಂಡೆಪ್ಪನನ್ನು ಕೂಡಿಸಿ ಕೇಳಿದೆ. ಹೋದ ವಾರ ಅವನು ನಿಮ್ಮ ಮನೆಯಲ್ಲಿ ಅರ್ಧ ದಿನ ಇದ್ದನಂತೆ. ಬೆಕ್ಕು ಕಾಣಲಿಲ್ಲವಂತೆ. ಅವ್ವ ಕಂಚಿನ ಬಟ್ಟಲಲ್ಲಿ ಹಾಲು ತಂದು ಪಡಸಾಲೆಯ ಮೆಟ್ಟಿಲಲ್ಲಿ ಇಟ್ಟಳಂತೆ. ಗೌಡ್ತಿ ಎಲ್ಲಿ ಎಂದು ಅವನು ಕೇಳಿದ್ದಕ್ಕೆ ತಲೆ ಎತ್ತದೆ ಒಳಗೆ ಹೋದಳಂತೆ. ನಿನ್ನ ಗಂಡ ಎದ್ದು ಹೊಲಕ್ಕೆ ಹೋದನಂತೆ.

ಮಳೆಯೂ ಆಯಿತು. ಬುಟ್ಟಿ ನಿನ್ನಲ್ಲೇ ಇದೆ.

ಸತ್ತಿದ್ದರೆ ಸತ್ತಳೆಂದು ಬರೆ. ಹದಿನಾಲ್ಕು ವರ್ಷದ ಬೆಕ್ಕು, ಸಾಯುವುದಿಲ್ಲವೆ? ನಾನು ಗಂಡನನ್ನು ಕಳೆದುಕೊಂಡು ಬದುಕಿದವಳು, ಬೆಕ್ಕು ಕಳೆದುಕೊಂಡು ಸಾಯುವುದಿಲ್ಲ. ಆದರೆ ಇಲ್ಲದ ಬೆಕ್ಕಿನ ಸುದ್ದಿ ಐದು ತಿಂಗಳು ಬರೆದು ನನ್ನನ್ನು ಆಡಿಸಿದ್ದರೆ, ನಿನಗೆ ಅಕ್ಷರ ಕಲಿಸಿದ್ದೇ ನನ್ನ ತಪ್ಪು.

ಗುರುಲಿಂಗಮ್ಮ


ಅಕ್ಕಲಕೋಟೆ,
೪ ಸೆಪ್ಟೆಂಬರ್ ೧೯೨೭

ಅಕ್ಕನವರ ಪಾದಕ್ಕೆ,

ಗೌಡ್ತಿ ಹಗೇವಿನಲ್ಲಿದ್ದಾಳೆ.

ಬರೆದೆ. ಇಷ್ಟು ಬರೆಯಲು ನನಗೆ ಐದು ತಿಂಗಳು ಹಿಡಿಯಿತು.

ಮುಚ್ಚುವ ಮೊದಲು ಹಗೇವಿನ ಬಾಯಿಗೆ ಬಗ್ಗಿ ಮನೆಯ ಹೆಂಗಸು ಮೂರು ಸಲ ಕೂಗಬೇಕಲ್ಲ, "ಒಳಗ ಯಾರದೀರಿ, ಜೀವ ಇದ್ದವರು ಮ್ಯಾಲ ಬರ್ರಿ" ಎಂದು. ಜೋಳ ತುಳಿಯಲು ಇಳಿದ ಆಳು ಮೇಲೆ ಬಂದಿದ್ದಾನೋ ಇಲ್ಲವೋ ಎಂದು ನೋಡುವುದಕ್ಕೆ ಹಿರಿಯರು ಮಾಡಿದ ಪದ್ಧತಿ. ಅತ್ತೆಯವರು ಮೊಣಕಾಲು ನೋವಿನಿಂದ ಒಳಗೆ ಮಲಗಿದ್ದರು. ನಾನು ಕೂಗಿದೆ. ಅಕ್ಕ, ನಿಮ್ಮ ಆಣೆ, ನಾನು ಮೂರು ಸಲವೂ ಕೂಗಿದೆ. ಬೆಳಗಿನಿಂದ ಗೌಡ್ತಿ ಕಂಡಿರಲಿಲ್ಲ, ಇಲಿಯ ವಾಸನೆಗೆ ಇಳಿದಿದ್ದರೆ ಎಂದು ಅನುಮಾನ ಬಂದು ಅವಳ ಹೆಸರು ಹಿಡಿದೂ ಕೂಗಿದೆ. ಒಳಗಿಂದ ಉಸಿರು ಬರಲಿಲ್ಲ. ಹಗೇವು ಅರ್ಧವೇ ತುಂಬಿದ್ದರಿಂದ ಒಳಗೆ ಕತ್ತಲೆ, ಏನೂ ಕಾಣಲಿಲ್ಲ. ಕಲ್ಲು ಎಳೆದರು.

ಮೂರನೆಯ ದಿನ ಮಧ್ಯಾಹ್ನ ಕೊಟ್ಟಿಗೆ ಬಳಿಯಲು ಹೋದಾಗ ಕೇಳಿದೆ. ಕೂಗು ಎನ್ನುವಷ್ಟು ದೊಡ್ಡದಲ್ಲ. ಕಲ್ಲಿಗೆ ಕಿವಿ ಇಟ್ಟೆ, ಮತ್ತೆ ಕೇಳಿತು. ಓಡಿ ಬಂದು ಇವರಿಗೆ ಹೇಳಿದೆ. ಇವರು ಬಂದು ಕಿವಿ ಇಟ್ಟಾಗ ಏನೂ ಇರಲಿಲ್ಲ. ಪೂಜೆಯಾದ ಹಗೇವು, ಮೂರೇ ದಿನಕ್ಕೆ ತೆಗೆದರೆ ಗಾಳಿ ಹೊಕ್ಕು ಜೋಳಕ್ಕೆ ಹುಳು ಬೀಳುತ್ತದೆ, ಬೆಕ್ಕು ಯಾರದೋ ಮಾಳಿಗೆಯ ಮೇಲಿರುತ್ತದೆ, ಸಂಜೆ ಬರದಿದ್ದರೆ ನೋಡೋಣ ಎಂದರು. ಸಂಜೆ ಬರಲಿಲ್ಲ. ಅತ್ತೆಯವರ ಬಳಿ ಹೋಗಿ ನಿಂತೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದು ಹೇಳಿದರು, "ಬೆಕ್ಕು ಸತ್ತದ ಅಂತ ಈ ಮನ್ಯಾಗ ಯಾರೂ ಅನಬ್ಯಾಡ್ರಿ. ಬೆಕ್ಕ ಕೊಂದ ಮನಿ ಬಂಗಾರದ ಬೆಕ್ಕ ಮಾಡಿಸಿ ಕಾಶಿಗೆ ಒಯ್ಯಬೇಕಾಗ್ತದ. ಅದು ತಿರಗಾಕ ಹೋಗ್ಯದ." ಮರುದಿನ ಬೆಳಿಗ್ಗೆ ಎದ್ದು ಎಂದಿನಂತೆ ಹಾಲು ಇಟ್ಟರು. ಅಂದಿನಿಂದ ಇಡುತ್ತಲೇ ಇದ್ದಾರೆ. ಇವರು ಆ ಬಟ್ಟಲನ್ನು ದಾಟುವಾಗ ಕಣ್ಣು ಬೇರೆ ಕಡೆ ಮಾಡುತ್ತಾರೆ. ನಾಲ್ಕನೆಯ ದಿನ ನಾನು ಕಲ್ಲಿಗೆ ಕಿವಿ ಇಟ್ಟಾಗ ಏನೂ ಕೇಳಲಿಲ್ಲ. ನಾನೇ ಹಾರೆ ತೆಗೆದುಕೊಂಡು ಅಗೆಯಬಹುದಿತ್ತು. ಅಂಜಿದೆ, ಅಷ್ಟೆ.

ನೀವು ನಂಬದ ಮಾತೊಂದಿದೆ. ನಾನು ನಿಮಗೆ ಸುಳ್ಳು ಬರೆದಿಲ್ಲ. ಹಾಲು ಯಾರೋ ಕುಡಿಯುತ್ತಾರೆ. ಬೇರೆ ಬೆಕ್ಕಿರಬೇಕೆಂದು ಜ್ಯೇಷ್ಠದಲ್ಲಿ ಒಂದು ಮಧ್ಯಾಹ್ನ ಕಂಬಕ್ಕೆ ಒರಗಿ ಕಾಯುತ್ತ ಕೂತೆ. ಅಂಗಳದಲ್ಲಿ ಒಂದು ಗುಬ್ಬಿಯೂ ಇರಲಿಲ್ಲ. ಬಟ್ಟಲು ತುಂಬಿತ್ತು. ಮುಕ್ತಾ ಕನವರಿಸಿದಳೆಂದು ತಿರುಗಿ, ತಟ್ಟಿ, ಮತ್ತೆ ನೋಡಿದೆ. ತಳದಲ್ಲಿ ಎರಡು ಗುಟುಕು ಇತ್ತು. ನಾಯಿಯಾದರೆ ನೆಕ್ಕಿ ಒಣಗಿಸುತ್ತಿತ್ತು. ಬೇರೆ ಯಾವ ಬೆಕ್ಕು ಎರಡು ಗುಟುಕು ಬಿಟ್ಟು ಏಳುತ್ತದೆ ಹೇಳಿ?

ಈ ಮನೆಯಲ್ಲಿ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬೈಯಿರಿ. ನೀವು ಬೈದರೆ ನಾನು ಊಟ ಮಾಡುತ್ತೇನೆ.

ಇಂದು


ಸೋಲಾಪುರ,
೨೫ ಸೆಪ್ಟೆಂಬರ್ ೧೯೨೭

ಇಂದು,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಮೊದಲ ವಾರ ನಿನ್ನನ್ನು ಮನಸ್ಸಿನಲ್ಲೇ ಬೇಕಾದಷ್ಟು ಬೈದೆ. ಅವ್ವನನ್ನು ಬೈದೆ, ತಮ್ಮ ಶಾಂತಲಿಂಗನನ್ನು ಬೈದೆ. ಬೈದು ಬೈದು ಕೊನೆಗೆ ಯಾರಿಗೆ ಸೇರಬೇಕೋ ಅಲ್ಲಿಗೇ ಬಂದು ನಿಂತೆ.

ನೀನು ಕೂಗಿದೆ. ಅವಳಿಗೆ ಕೇಳಲಿಲ್ಲ. ಗೌಡ್ತಿ ಕಿವುಡಿ, ಇಂದು. ಹೋದ ವರ್ಷದ ಶ್ರಾವಣದಿಂದ ಅವಳಿಗೆ ಏನೂ ಕೇಳುತ್ತಿರಲಿಲ್ಲ. ಅವಳ ಬೆನ್ನ ಹಿಂದೆಯೇ ನನ್ನ ಕೈಯಿಂದ ತಾಮ್ರದ ಕೊಡ ಬಿತ್ತು, ನೀನೂ ಒಳಗಿಂದ ಓಡಿ ಬಂದೆ, ಅವಳು ಮೈ ನೆಕ್ಕುವುದನ್ನು ನಿಲ್ಲಿಸಲಿಲ್ಲ. ಅಂದೇ ನನಗೆ ತಿಳಿಯಿತು. ಆಮೇಲೆ ನಾನು ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ, ಹಿಮ್ಮಡಿಯಿಂದ ನೆಲ ಗುದ್ದುತ್ತಿದ್ದೆ. ಆ ನಡುಕ ಅವಳ ಪಂಜಕ್ಕೆ ತಾಗಿ ಎಲ್ಲಿದ್ದರೂ ಎದ್ದು ಬರುತ್ತಿದ್ದಳು. ಹಗೇವಿನ ಬಾಯಲ್ಲಿ ನೀನೊಂದು ಸಲ ಕಾಲು ಗುದ್ದಿದ್ದರೆ ಸಾಕಿತ್ತು. ಹೇಗೆ ಗುದ್ದುತ್ತೀ, ನಿನಗೆ ಹೇಳಿದವರು ಯಾರು?

ಯಾಕೆ ಹೇಳಲಿಲ್ಲ ಎಂದರೆ, ಹಿಂದಿನ ಬೆಕ್ಕು ಮುದಿಯಾಗಿ ಇಲಿ ಹಿಡಿಯುವುದನ್ನು ಬಿಟ್ಟಾಗ ಅವ್ವ ಅದನ್ನು ಚೀಲದಲ್ಲಿ ಹಾಕಿ ಕುರಿಕಾಯುವ ಅಮೋಗಸಿದ್ಧನ ಕೈಯಲ್ಲಿ ಕೊಟ್ಟು ಬೀರೋಬನ ಗುಡಿಯ ಹಿಂದಿನ ಹಟ್ಟಿಗೆ ಕಳಿಸಿದ್ದಳು. ಇವಳಿಗೂ ಅದೇ ಗತಿ ಬಂದೀತೆಂದು ಹೆದರಿದೆ. ಮೊದಲಿಗೆ ಕಾರಣ ಅಷ್ಟೇ ಇತ್ತು. ಆದರೆ ಹೊರಡುವ ದಿನ ನಿನಗಾದರೂ ಹೇಳಬಹುದಿತ್ತಲ್ಲ. ಕಣ್ಣಿನ ವಿಷಯ ಬರೆದೆ, ಹಾಲಿನ ವಿಷಯ ಬರೆದೆ, ಕಿವಿಯ ವಿಷಯ ಬರೆಯಲಿಲ್ಲ. ಕರೆದರೆ ಬರುವುದಿಲ್ಲ, ದೊಡ್ಡವರ ಮನೆಯವಳು ಎಂದು ಚೇಷ್ಟೆ ಮಾಡಿದೆ. ಅವಳನ್ನು ಕರೆಯುವ ರೀತಿ ನನ್ನೊಬ್ಬಳಿಗೇ ಗೊತ್ತಿರಲಿ ಎಂಬ ಆಸೆ. ನಾನು ಹೋದ ಮೇಲೆ ಅವಳು ಯಾರ ಕರೆಗೂ ಬರಬಾರದು ಎಂಬ ಆಸೆ. ಹಾಗೇ ಆಯಿತು.

ಊಟಕ್ಕೆ ಕೂಡುವ ಮೊದಲು ನನಗೆ ಅರಿವಿಲ್ಲದೆ ಹಿಮ್ಮಡಿ ನೆಲಕ್ಕೆ ಬೀಳುತ್ತದೆ. ನಿನ್ನೆ ತರಗತಿಯಲ್ಲೂ ಹಾಗಾಯಿತು, ಹುಡುಗಿಯರು ನಕ್ಕರು. ಅವಳಿನ್ನು ಬರುವುದಿಲ್ಲ ಎಂದು ಅವರಿಗೆ ಹೇಳಿಲ್ಲ. ಚಾದರು ಮುಗಿಯುತ್ತ ಬಂದಿದೆ.

ಊಟ ಮಾಡು. ಹಗೇವು ತೆಗೆಸು. ಶಾಂತಲಿಂಗನಿಗೆ ಇದು ಅಕ್ಕನ ಮಾತೆಂದು ಹೇಳು. ಅವಳನ್ನು ಮೇಲೆ ತಂದು ಮಣ್ಣು ಮಾಡಿ, ನೋಡಿದ್ದನ್ನು ನೋಡಿದಂತೆ ನನಗೆ ಬರೆ. ನಾನು ಬರುವುದಿಲ್ಲ. ಅವ್ವನ ಮಾತು ಅವಳಿಗಿರಲಿ. ನನಗೆ ಅಲ್ಲಿ ಇನ್ನೇನೂ ಇಲ್ಲ.

ಗುರುಲಿಂಗಮ್ಮ


ಅಕ್ಕಲಕೋಟೆ,
೧೬ ಅಕ್ಟೋಬರ್ ೧೯೨೭

ಅಕ್ಕನವರಿಗೆ ಇಂದುವಿನ ಶರಣಾರ್ಥಿ.

ನಿಮ್ಮ ಪತ್ರವನ್ನು ಬಚ್ಚಿಡಲಿಲ್ಲ. ಅತ್ತೆಯವರನ್ನೂ ಇವರನ್ನೂ ಕೂಡಿಸಿ ಮೊದಲಿಂದ ಕೊನೆಯವರೆಗೆ ಓದಿದೆ. ನನಗೆ ಓದು ಬರೆಹ ಬರುತ್ತದೆಂಬುದು ಇವರಿಗೆ ಗೊತ್ತಿರಲಿಲ್ಲ. ಯಾರ ಬಳಿ ಕಲಿತೆ ಎಂದು ಕೇಳಲೂ ಇಲ್ಲ. ಎದ್ದು ಹಾರೆ ತಂದರು.

ಸೋಮವಾರ ಬೆಳಿಗ್ಗೆ ಕಲ್ಲು ಸರಿಸಿದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದಿಡೀ ದಿನ ಬಾಯಿ ತೆರೆದಿಟ್ಟು, ಮಂಗಳವಾರ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ದೀಪ ಆರಲಿಲ್ಲ. ಆಳನ್ನು ಇಳಿಸದೆ ಇವರೇ ಇಳಿದರು. ಬಾಯಿಯ ನೇರ ಕೆಳಗೆ, ಜೋಳದ ಮೇಲಿನ ಹೊಟ್ಟಿನಲ್ಲಿ ಅವಳಿದ್ದಳು. ಮೂಗಿನ ಮೇಲೆ ಬಾಲ ಹಾಕಿಕೊಂಡು, ಕೊಳಗದಲ್ಲಿ ಮಲಗುತ್ತಿದ್ದ ಹಾಗೇ. ಕೊಳೆತಿರಲಿಲ್ಲ, ಒಣಗಿದ್ದಳು, ಎತ್ತಿದರೆ ಭಾರವೇ ಇರಲಿಲ್ಲ. ಹಗೇವಿನ ಕುತ್ತಿಗೆಯ ಮಣ್ಣಿನ ಮೇಲೆ ಉಗುರಿನ ಗೆರೆಗಳಿದ್ದವು. ಇದನ್ನು ಬರೆಯದೆ ಬಿಡಬಹುದಿತ್ತು. ನೋಡಿದ್ದನ್ನು ನೋಡಿದಂತೆ ಬರೆ ಎಂದಿರಿ, ಬರೆದಿದ್ದೇನೆ.

ಇವರು ಅವಳನ್ನು ಎದೆಗೆ ಹಿಡಿದು ಮೇಲೆ ಬಂದು ಅಂಗಳದಲ್ಲಿ ಕೂತು ಮಗುವಿನ ಹಾಗೆ ಅತ್ತರು. ನಿಮ್ಮ ಸೀರೆಯಲ್ಲಿ ಸುತ್ತಿ ಬೇವಿನ ಗಿಡದ ಬುಡದಲ್ಲಿ ಹೂಳಿದೆವು. ಆ ಜೋಳವನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಇವರು ಅಂದಾಗ ಅತ್ತೆಯವರು ಒಪ್ಪಲಿಲ್ಲ. ಬೇರೆಯವರ ಹೊಟ್ಟೆಗೆ ಯಾಕೆ ಹಾಕಬೇಕು, ನಾವು ಮಾಡಿದ್ದನ್ನು ನಾವೇ ಉಣ್ಣಬೇಕು ಎಂದರು. ಉಣ್ಣುತ್ತಿದ್ದೇವೆ. ರೊಟ್ಟಿಯನ್ನು ನೀರು ಕುಡಿದು ಇಳಿಸುತ್ತೇವೆ.

ಬುಧವಾರ ಬೆಳಿಗ್ಗೆ ಅತ್ತೆಯವರು ಹಾಲು ಇಟ್ಟರು. ಸಂಜೆ ನೋಡಿದಾಗ ಕೆನೆಗಟ್ಟಿ, ನೊಣ ಬಿದ್ದು, ಇಟ್ಟಷ್ಟೂ ಹಾಗೇ ಇತ್ತು. ಬಟ್ಟಲನ್ನು ತೊಳೆದು ಬೋರಲು ಹಾಕಿದರು. ಅಂದಿನಿಂದ ಮನೆಯಲ್ಲಿ ಏನೂ ಇಲ್ಲ ಅಕ್ಕ. ನಿಮ್ಮ ಕೌದಿಯ ಮೇಲೆ ಕೂದಲಿಲ್ಲ, ಬೂದಿಯಲ್ಲಿ ತಗ್ಗಿಲ್ಲ. ಇಷ್ಟು ದಿನ ಅದಕ್ಕೆ ಅಂಜುತ್ತಿದ್ದೆ. ಈಗ ಇದಕ್ಕೆ ಅಂಜುತ್ತೇನೆ.

ಇನ್ನು ಮುಂದಿನದು ಅತ್ತೆಯವರ ಮಾತು. ನಿನ್ನೆ ಬೆಳಿಗ್ಗೆ ನನ್ನ ಮುಂದೆ ಬಂದು ಕೂತು, ನಾ ಹೇಳತೀನಿ, ಹೇಳಿದ ಹಾಂಗ ಬರಿ, ಛಂದ ಮಾಡಬ್ಯಾಡ ಎಂದರು. ಅವರು ಆಡಿದಂತೆಯೇ ಬರೆದಿದ್ದೇನೆ.

ಗುರುಲಿಂಗವ್ವಾ, ನಾ ನಿಮ್ಮವ್ವ. ಕಿವಿ ಕೇಳೂದಿಲ್ಲ ಅನ್ನೂದು ನೀ ಒಬ್ಬಾಕಿನ ಮುಚ್ಚಿಟ್ಟೀನಿ ಅಂತ ತಿಳೀಬ್ಯಾಡ. ನೀ ಕಾಲ ಗುದ್ದೂದು ನಾ ನೋಡೀನಿ. ನೀ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಮುದಿಯಾದರ ಹಟ್ಟಿಗೆ ಕಳಸತೀನಂತ ನೀ ನನಗ ಅಂಜಿದಿ ಅಂತ ನಿನ್ನೆ ಮೊನ್ನೆ ಗೊತ್ತಾತು. ಹಂಗ ಅಂಜಿಸಿಟ್ಟಾಕಿ ನಾನ. ಹಗೇವ ಮುಚ್ಚೂ ದಿವಸ ನಾ ಎದ್ದು ಹೊರಗ ಬಂದಿದ್ದರ ಕಾಲ ಗುದ್ದು ಅಂತ ಇಂದೂಗ ಹೇಳತಿದ್ದೆ. ಬರಲಿಲ್ಲ.

ಇಂದೂಗಿಂತ ಒಂದು ದಿವಸ ಮೊದಲ ನನಗ ಅದರ ದನಿ ಕೇಳಿತ್ತು. ನೀ ಹೋದಾಗಿಂದ ನನಗ ನಿನ್ನ ಕಾಲಿನ ಸಪ್ಪಳಾನೂ ಕೇಳತಿತ್ತು. ನೀ ಕೆಮ್ಮಿದ್ದು ಕೇಳತಿತ್ತು, ಕೊಡ ಇಳಿಸಿದ್ದು ಕೇಳತಿತ್ತು. ಹೋಗಿ ನೋಡಿದರ ಯಾರೂ ಇರತಿದ್ದಿಲ್ಲ. ಇದೂ ಹಂಗ ಅಂತ ತಿಳಕೊಂಡು ಮಗ್ಗಲ ಬದಲಿಸಿ ಮಲಗಿದೆ. ಯಾವುದು ಇದ್ದದ್ದು, ಯಾವುದು ಇಲ್ಲದ್ದು, ನನಗ ತಿಳೀಲಿಲ್ಲ.

ಬಂಗಾರದ ಬೆಕ್ಕು, ಕಾಶಿ, ಅದು ಇವರ ಬಾಯಿ ಮುಚ್ಚಸಾಕ ಹೇಳಿದ ಮಾತು. ಬೆಕ್ಕು ಅದ ಅಂದರ ನೀ ದೀಪಾವಳಿಗೆ ಬರತಿದ್ದಿ. ಸತ್ತದ ಅಂದರ ಯಾಕ ಬರತಿ? ಬರಬ್ಯಾಡ ಅಂದಾಕಿ ನಾನ, ಬಾ ಅನ್ನಾಕ ನನಗ ಬಾಯಿ ಬರಲಿಲ್ಲ. ಅದಕ್ಕ ಹಾಲು ಇಟಗೋತ ಕುಂತೆ. ಯಾರು ಕುಡದರೋ ನಾ ನೋಡಲಿಲ್ಲ. ಅದು ಬ್ಯಾರೆ.

ಈಗ ಬೆಕ್ಕಿಲ್ಲ. ಬರಾಕ ನಿನಗ ನೆವಾ ಇಲ್ಲ, ಕರಿಯಾಕ ನನಗೂ ನೆವಾ ಇಲ್ಲ. ಸಾಲಿ ಬಿಡು ಅನ್ನೂದಿಲ್ಲ, ಇರು ಅನ್ನೂದಿಲ್ಲ. ಬಾ. ಬಂದು ಎರಡು ದಿವಸ ಇದ್ದು ಹೋಗು. ಬರಲಿಲ್ಲಂದರ ಬಂಡೆಪ್ಪನ ಗಾಡ್ಯಾಗ ನಾ ಬರತೀನಿ, ನನಗ ಆ ಊರ ದಾರಿ ಗೊತ್ತಿಲ್ಲ.

ಹೇಳಿದ್ದು ಇಷ್ಟೇ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದರು.

ಅವ್ವ ಗುರುಬಾಯಿ
ಬರೆದವಳು ಇಂದು